ಮಾರಾಟಕ್ಕಿಟ್ಟ ಮನೆಯ ಪರೇಡು

ಸೈನ್ಯದಲ್ಲಿ ಸುಬೇದಾರನಾಗಿ ನಿವೃತ್ತನಾದವನಿಗೆ ಒಂದು ಹಳೆಯ ಮನೆ ಮಾರುವುದು ಯಾವ ಲೆಕ್ಕ! ಹೀಗೆಂದುಕೊಂಡೇ ನಾನು ಕಾರ್ಯಾಚರಣೆಗೆ ಇಳಿದೆ.

ನಮ್ಮದು ಚನ್ನಗಿರಿಯ ಅಂಚಿನಲ್ಲಿರುವ ಮಾಜಿ ಸೈನಿಕರ ಕಾಲೋನಿ. ಮನೆ ಕಟ್ಟುವಾಗ, ಎತ್ತರದ ನೆಲೆಯೇ ಭದ್ರವೆಂದು ಪಾಯವನ್ನು ಆಳೆತ್ತರಕ್ಕೆ ಏರಿಸಿದ್ದೆ. ಶತ್ರು ಯಾರೂ ಬರಲಿಲ್ಲ. ಹೆಂಡತಿ ಶಾರದಮ್ಮನಿಗೆ ಮೊಣಕಾಲು ನೋವು ಬಂತು! ಮೆಟ್ಟಿಲು ಇಳಿಯಲಾಗದೆ ಪಾಪ, ಅವಳು ಅಂಗಳವನ್ನೂ ಕಿಟಕಿಯಿಂದಲೇ ನೋಡುವಂತಾಯಿತು. ನ್ಯಾಮತಿಯಲ್ಲಿ ಅವಳ ತಂಗಿಯ ಮನೆ ಪಕ್ಕದಲ್ಲೇ ಮೆಟ್ಟಿಲಿಲ್ಲದ ಮನೆಯೊಂದು ಸಿಕ್ಕಿತ್ತು. ಅದರ ಮಾಲೀಕರು ದೀಪಾವಳಿವರೆಗೆ ಮಾತ್ರ ಕಾಯುತ್ತೇವೆ ಎಂದಿದ್ದರು. ಅಷ್ಟರೊಳಗೆ ಇದು ಮಾರಾಟವಾಗಬೇಕಿತ್ತು.

ಮೊದಲು ಬಂದವರು ನಲ್ಲೂರಿನ ಅಡಿಕೆ ವ್ಯಾಪಾರಿ. ನಮ್ಮ ಸೈನ್ಯದಲ್ಲಿ ಒಂದು ಪದ್ಧತಿ. ಚಾರ್ಜ್ ಒಪ್ಪಿಸುವವನು ಎಲ್ಲ ಕುಂದುಕೊರತೆಗಳನ್ನು ತಾನಾಗಿಯೇ ತೋರಿಸಬೇಕು, ಬಚ್ಚಿಡಬಾರದು. ನಾನು ಕೈಯಲ್ಲಿ ಕೋಲು ಹಿಡಿದು ಶುರುಮಾಡಿದೆ.

"ಎಡಕ್ಕೆ ನೋಡಿ, ಗೋಡೆ ಬಿರುಕು! ಮೇಲೆ ನೋಡಿ, ಸೋರುವ ತಾರಸಿ! ಕೆಳಗೆ ನೋಡಿ, ಗೆದ್ದಲು!"

ವ್ಯಾಪಾರಿ ಶಿಸ್ತಾಗಿ ಎಲ್ಲ ಕಡೆ ನೋಡಿದರು. "ಹೋದ ವರ್ಷ ಈ ಬಚ್ಚಲಲ್ಲಿ ನಾಗರಹಾವು ಬಂದಿತ್ತು" ಎಂದೆ. ತಿರುಗಿ ನೋಡಿದರೆ ಅವರು ಬೈಕು ಹತ್ತಿ ಆಗಿತ್ತು!

"ಹಾವಿನ ಸುದ್ದಿ ಯಾಕ್ರೀ ಬೇಕಿತ್ತು? ಅದೇನು ಇಲ್ಲೇ ಬಾಡಿಗೆಗೆ ಐತಾ?" ಎಂದಳು ಶಾರದಮ್ಮ.

"ಸುಳ್ಳು ಹೇಳಲಾ?"

"ಸುಳ್ಳು ಹೇಳ್ರಿ ಅಂತ ಯಾರಂದ್ರು? ಮನೆ ತೋರ್ಸಾಕೆ ಕರ್ದು ಪೋಸ್ಟ್‌ಮಾರ್ಟಂ ಮಾಡ್ತೀರಲ್ರೀ!"

ಎರಡನೆಯ ಸಲ ಬರಲಿದ್ದವರು ಜಗಳೂರು ಕಡೆಯ ಬಿಳಿಚೋಡಿನ ಮೇಷ್ಟ್ರು ಮತ್ತು ಅವರ ಪತ್ನಿ. ಈ ಸಲ ಬಾಯಿ ಬಿಡುವುದಿಲ್ಲವೆಂದು ಪಣ ತೊಟ್ಟೆ. ಆದರೆ ಕೈ ಕಟ್ಟಿ ಕೂರಲಾದೀತೇ? ದೊಡ್ಡ ಅಧಿಕಾರಿ ತಪಾಸಣೆಗೆ ಬರುವ ಮುನ್ನ ಅಲುಗಾಡದೆ ನಿಂತ ವಸ್ತುವಿಗೆಲ್ಲ ಬಣ್ಣ ಬಳಿಯುವುದು ನಾವು ಕಲಿತ ವಿದ್ಯೆ. ಎದುರು ಮನೆಯ ನಿವೃತ್ತ ಹವಾಲ್ದಾರ್ ರುದ್ರಪ್ಪನನ್ನು ಕರೆದೆ. ತೆಂಗಿನ ಬುಡಕ್ಕೆ ಸುಣ್ಣ, ಅಂಗಳದ ಕಲ್ಲುಗಳಿಗೆ ಕೆಮ್ಮಣ್ಣು, ಬಾಗಿಲಿಗೆ ಗಟ್ಟಿ ಕೆಂಪು ಪೇಂಟು. ಬಾಗಿಲ ಬಳಿ ಕೂತಲ್ಲೇ ತೂಕಡಿಸುತ್ತಿದ್ದ ಶಾರದಮ್ಮ ಸಕಾಲದಲ್ಲಿ ಅಲುಗಾಡಿದ್ದರಿಂದ ಉಳಿದಳು!

ಬೆಳಿಗ್ಗೆ ಮೇಷ್ಟ್ರು ಬಂದು ಕದ ತಟ್ಟಿದರು. ನಾನು ಎಳೆದೆ. ಬಾಗಿಲು ಬರಲಿಲ್ಲ. ಅರೆ ಒಣಗಿದ ಪೇಂಟು ಅಂಟಿ ಬಾಗಿಲು, ಚೌಕಟ್ಟು ಒಂದಾಗಿಬಿಟ್ಟಿದ್ದವು. ಹಿಂಬಾಗಿಲಿಗೆ ಓಡಿದೆ. ಅದಕ್ಕೂ ಬಳಿದಿದ್ದೆವಲ್ಲ!

"ರುದ್ರಪ್ಪಾ, ಹೊರಗಿನಿಂದ ಒದೀರಿ!" ಎಂದು ಮುಂಬಾಗಿಲಿಗೆ ಮರಳಿ ಎದುರು ಮನೆಗೆ ಕೇಳುವಂತೆ ಕೂಗಿದೆ.

"ಸಾಹೇಬ್ರೆ, ನೀವು ಪಕ್ಕಕ್ಕೆ ಸರೀರಿ!" ಎಂದ ಓಡಿಬಂದ ರುದ್ರಪ್ಪ.

"ನೀವು ಒದೀರಿ, ನಾನು ಎಳೀತೀನಿ!"

ಅವನು ಒದ್ದ. ನಾನು ಎಳೆದೆ. ಬಾಗಿಲು ತೆರೆಯಿತು, ಹಿಡಿ ನನ್ನ ಕೈಗೆ ಬಂತು, ನಾನು ಹಜಾರದಲ್ಲಿ ಅಂಗಾತ ಬಿದ್ದೆ. ರುದ್ರಪ್ಪ ನನ್ನ ಮೇಲೆ ಬಿದ್ದ. ಹೊಸ್ತಿಲಲ್ಲಿ ಮೇಷ್ಟ್ರು ಎರಡೂ ಅಂಗೈ ಕೆಂಪಾಗಿಸಿಕೊಂಡು ನಿಂತಿದ್ದರು. ಅವರ ಪತ್ನಿಯ ಬಿಳಿ ಸೀರೆಗೆ ಅಂಗಳದ ಕಲ್ಲುಗಳು ಹೊಸ ಅಂಚು ಹಾಕಿದ್ದವು.

"ಮನಿ ಗಟ್ಟಿ ಐತೆ ಬಿಡ್ರಿ. ಒಳಗೆ ಹೋದೋರು ಹೊರಗೆ ಬರಾಕಾಗಲ್ಲ" ಎಂದು ಕೈಮುಗಿದು ಮೇಷ್ಟ್ರು ಹೊರಟರು.

ಆ ದಿನ ಶಾರದಮ್ಮ ಬೈಯಲಿಲ್ಲ. ಕಿಟಕಿಯ ಬಳಿ ಕೂತು ಮೊಣಕಾಲು ನೀವಿಕೊಳ್ಳುತ್ತ, "ತಂಗಿಗೆ ಫೋನ್ ಮಾಡಿ ಆ ಮನೆ ಬ್ಯಾಡ ಅಂದ್ಬಿಡ್ತೀನ್ರೀ" ಎಂದಳು. ಬೈದಿದ್ದರೆ ಎದುರು ವಾದಿಸುತ್ತಿದ್ದೆ. ಇದು ಶರಣಾಗತಿಯ ಮಾತು.

"ಫೋನ್ ಮಾಡಬೇಡ. ಹಿಮ್ಮೆಟ್ಟುವ ಪ್ರಶ್ನೆಯೇ ಇಲ್ಲ!" ಎಂದೆ, ಸೊಂಟಕ್ಕೆ ಮುಲಾಮು ಹಚ್ಚಿಕೊಳ್ಳುತ್ತ.

ಮುಂದಿನ ಭಾನುವಾರ ರುದ್ರಪ್ಪ ಬೆಳಿಗ್ಗೆಯೇ ಬಂದು ಅವಳ ಜೊತೆ ಏನೋ ಪಿಸುಗುಟ್ಟಿದ. ಅವಳು ತಕ್ಷಣ ನನ್ನ ಕೈಗೆ ಕ್ಯಾನು ಕೊಟ್ಟು, "ರೀ, ಹಾಲು ತನ್ನಿ. ಬಸ್ ಸ್ಟ್ಯಾಂಡ್ ಹತ್ರಾನೇ ತರಬೇಕು, ಅಲ್ಲಿ ಹಾಲು ಗಟ್ಟಿ" ಎಂದಳು. ಆಜ್ಞೆ ಆಜ್ಞೆಯೇ. ಹೋದೆ.

ವಾಪಸು ಬಂದಾಗ ಹಜಾರದಲ್ಲಿ ಉಬ್ರಾಣಿಯ ಒಬ್ಬ ಸೈನಿಕ ಹೆಂಡತಿಯೊಂದಿಗೆ ಕೂತಿದ್ದ. ರಜೆಯ ಮೇಲೆ ಬಂದವನು, ರುದ್ರಪ್ಪ ಕರೆತಂದಿದ್ದ. ನನ್ನನ್ನು ಕಂಡೊಡನೆ ಎದ್ದು ನಿಂತು, "ಮನೆ ನಮಗೆ ಒಪ್ಪಿಗೆ ಸರ್" ಎಂದ.

"ನಿಲ್ಲಿ! ತಾರಸಿ ಸೋರುತ್ತದೆ..."

"ಅಮ್ಮಾರು ಎಲ್ಲಾ ಹೇಳಿದ್ರು ಸರ್. ಬಿರುಕು, ಗೆದ್ದಲು, ಹಾವು. ರಿಪೇರಿ ಮಾಡ್ಕೊಂತೀವಿ. ನಾನು ಗಡಿಯಾಗೆ ಇದ್ದಾಗ ಇವಳಿಗೆ ಸುತ್ತ ನಮ್ಮೋರೇ ಇರ್ತಾರಲ್ಲ, ಅದು ಸಾಕು."

ಅವರು ಹೋದ ಮೇಲೆ ಶಾರದಮ್ಮನನ್ನು ವಿಚಾರಣೆಗೆ ಒಳಪಡಿಸಿದೆ. "ನಾನು ಹೇಳಿದ್ದನ್ನೇ ನೀನೂ ಹೇಳಿದ್ದೀಯ. ಹಾಗಾದರೆ ನನ್ನನ್ನೇಕೆ ದೂರ ಕಳಿಸಿದೆ?"

"ಮನೇಲಿ ಇದ್ದಿದ್ರಾಗೆ ರಿಪೇರಿ ಆಗದೇ ಇರೋದು ನೀವೊಬ್ರೇ ಕಣ್ರೀ!"

ಈ ಆರೋಪವನ್ನು ನಾನು ಇಂದಿಗೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಮನೆ ಮಾರಾಟದಲ್ಲಿ ನನ್ನ ಪಾಲಿಗೆ ಬಂದ ಕೆಲಸ ಹಾಲು ತರುವುದು. ಅದನ್ನು ನಾನು ಒಂದು ಹನಿಯೂ ಚೆಲ್ಲದಂತೆ ತಂದಿದ್ದೇನೆ!