ಒಂದು, ಮೂರು, ನಾಲ್ಕು, ಎರಡು

ಮತ್ತೆ ಆ ರಾಜೀವಣ್ಣನ ಫಿಯೆಟ್ಟು ಇದೆಯಲ್ಲ, ಅದು ಆ ಶನಿವಾರ ಬೆಳಿಗ್ಗೆಯೂ ಎದ್ದಿರಲಿಲ್ಲ.

ರಾಜೀವ: ಇನ್ನೊಂದು ಸಲ. ಇದೇ ಕೊನೇದು.

ಮಂಗಲಾ: ಇದು ಒಂಬತ್ತನೇ ಕೊನೇದು.

ಟುರ್ರ್... ಟುರ್ರ್... ಢಂ! ಬಾನೆಟ್ಟಿನೊಳಗೆ ಯಾರೋ ಪಟಾಕಿ ಹೊಡೆದಂತಾಯಿತು. ಅಮದಳ್ಳಿಯ ಕಾಗೆಗಳೆಲ್ಲ ಒಮ್ಮೆಲೇ ಎದ್ದು ಸಮುದ್ರದ ಕಡೆ ಹಾರಿದವು.

ಎರಡು ಸಾವಿರದ ನಾಲ್ಕನೇ ಇಸವಿಯ ಮೇ ತಿಂಗಳು. ಎರಡನೇ ಶನಿವಾರ, ಕಾರವಾರದ ಕಚೇರಿಗೆ ರಜೆ. ಗುಮಾಸ್ತ ರಾಜೀವನಿಗೆ ಈ ಎಪ್ಪತ್ಮೂರನೇ ಇಸವಿಯ ಹಾಲುಬಣ್ಣದ ಫಿಯೆಟ್ಟು ಅಂದರೆ ಜೀವ. ಹೆಂಡತಿ ಮಂಗಲಾಳದು ಒಣಮೀನಿನ ವ್ಯಾಪಾರ. ಮಳೆ ಹಿಡಿಯುವ ಮೊದಲು ಹನ್ನೊಂದು ಮೂಟೆ ಒಣಮೀನು ನೆನೆಯದ ಜಾಗಕ್ಕೆ ಸೇರಬೇಕು. ನೆನೆಯದ ಜಾಗ ಆ ಮನೆಯಲ್ಲಿ ಒಂದೇ, ಕಾರಿನ ಶೆಡ್ಡು. ಜಗಳ ಬಗೆಹರಿದು ಕೊನೆಗೆ ಒಪ್ಪಂದವಾಗಿತ್ತು: ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಗಾಡಿ ತಾನೇ ಚಾಲೂ ಆಗಿ ಶೆಡ್ಡಿನಿಂದ ಹೊರಗೆ ಬಂದರೆ ಅದು ರಾಜೀವನದ್ದು. ಬರದಿದ್ದರೆ ಗುಜರಿ ಬೊಮ್ಮನ ಟೆಂಪೋಗೆ.

ಈಗ ಹತ್ತೂವರೆ. ರಾಜೀವ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟಿನ ಸಂದಿ ಅಳೆಯಲು ದಪ್ಪ ಕಾಗದದ ಚೂರೊಂದನ್ನು ಒಳಗೆ ತೂರಿಸುತ್ತಿದ್ದ.

ಮಂಗಲಾ: ಅದು ನಿಮ್ಮ ಆಫೀಸಿನ ಸುಜಯನ ಮದ್ವೆ ಕಾಗ್ದ ಅಲ್ವಾ?

ರಾಜೀವ: ಸಂದಿಗೆ ಸಮಾ ದಪ್ಪ ಇದೆ. ಒಂದು ಕೂದ್ಲು ಹೆಚ್ಚಿಲ್ಲ, ಕಡ್ಮೆ ಇಲ್ಲ.

ಮಂಗಲಾ: ಅದ್ರಲ್ಲಿ ಮುಹೂರ್ತ ಇತ್ತು!

ರಾಜೀವ: ಮುಹೂರ್ತ ಹರೀಲಿಲ್ಲ ಮಾರಾಯ್ತಿ. ಊಟದ ಟೈಮು ಹರ್ದದ್ದು.

ಮಂಗಲಾ: ಹಂಗಾದ್ರೆ ನೀವು ಹೋಗೂದೇ ಇಲ್ಲ ಬಿಡಿ.

ಅಷ್ಟರಲ್ಲಿ ಬೆಳಂಬಾರದಿಂದ ಬಸ್ಸು ಹತ್ತಿ ಮಂಗಲಾಳ ಅಣ್ಣ ಹರಿಶ್ಚಂದ್ರ ಬಂದ. ನಲವತ್ತು ವರ್ಷ ಯಂತ್ರದ ದೋಣಿ ಓಡಿಸಿದವನು. ಕೈಯಲ್ಲಿ ನಟ್ಟು ಬಿಚ್ಚುವ ಒಂದೇ ಒಂದು ಪಾನಾ, ಬಾಯಲ್ಲಿ ಎಲೆಅಡಿಕೆಯ ಕವಳ.

ಹರಿಶ್ಚಂದ್ರ: ಭಾವಾ, ಸರಿ ಆಚೆ. ಇಂಜಿನ್ ಅಂದ್ರೆ ಇಂಜಿನ್. ನೀರಲ್ಲಿದ್ರೇನು, ನೆಲದ ಮೇಲಿದ್ರೇನು?

ರಾಜೀವ: ನಿನ್ನ ದೋಣಿ ಇಂಜಿನ್ ನಿಂತ್ರೆ ಹುಟ್ಟು ಹಾಕ್ಬಹುದು.

ಹರಿಶ್ಚಂದ್ರ: ನಿಂದು ನಿಂತ್ರೆ ಇಳ್ದು ನಡೀಬಹುದು. ನಂಗೆ ಅದು ಆಗೂದಿಲ್ಲ. ಅದ್ಕೇ ನಾನು ರಿಪೇರಿ ಸರಿಯಾಗಿ ಕಲ್ತದ್ದು. ಹಿಡಿ ಈ ವಾಯರಿನ ತುದಿ. ತಂಗೀ, ಚಾವಿ ತಿರ್ಗಿಸು!

ಮಂಗಲಾ ತಿರುಗಿಸಿದಳು.

ರಾಜೀವ: ಅಯ್ಯಯ್ಯಯ್ಯೋ!

ಹರಿಶ್ಚಂದ್ರ: ಕಿಡಿ ಇದ್ಯಾ?

ರಾಜೀವ: ಇದೆ. ಮೊಳಕೈ ತನ್ಕ ಇದೆ.

ಮಂಗಲಾ: ಇನ್ನೊಂದು ಸಲ ತಿರ್ಗಿಸ್ಲಾ?

ರಾಜೀವ: ಬೇಡ! ನಂಬ್ದೆ!

ಹರಿಶ್ಚಂದ್ರ: ಪೆಟ್ರೋಲು ಬರ್ತಾ ಉಂಟು. ಕಿಡಿ ಬರ್ತಾ ಉಂಟು. ಚಾಲೂ ಮಾತ್ರ ಇಲ್ಲ.

ಮಂಗಲಾ: ಅಕ್ಕಿ ಇದೆ, ಬೆಂಕಿ ಇದೆ, ಅನ್ನ ಇಲ್ಲ. ಬೊಮ್ಮ ಹೊರಟಿರ್ಬೇಕು ಈಗ.

ಹನ್ನೊಂದೂ ಕಾಲು ದಾಟಿತು. ರಾಜೀವ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೊನ್ನೆ ಗುರುವಾರ ಇದೇ ಗಾಡಿ ನಾಲ್ಕು ಸಲ ಕೆಮ್ಮಿಯಾದರೂ ಎದ್ದಿತ್ತು. ಇವತ್ತು ಬರೀ ಢಂ, ಢಂ. ಮಧ್ಯೆ ಎಂಥದಾಯಿತು? ಹರಿಶ್ಚಂದ್ರ ಒಂದು ಪ್ಲಗ್ ಬಿಚ್ಚಿ ಮೂಗಿಗೆ ಹಿಡಿದ. ಮತ್ತೊಮ್ಮೆ ಹಿಡಿದ.

ಹರಿಶ್ಚಂದ್ರ: ಭಾವಾ, ಪ್ಲಗ್ಗಿಗೆ ಪೆಟ್ರೋಲ್ ವಾಸ್ನೆ ಇರ್ಬೇಕು.

ರಾಜೀವ: ಹೌದು.

ಹರಿಶ್ಚಂದ್ರ: ಇದಕ್ಕೆ ಬಂಗಡೆ ವಾಸ್ನೆ ಉಂಟು.

ರಾಜೀವ: ಯಂತ ಬಂಗಡೆ?

ಹರಿಶ್ಚಂದ್ರ: ಮಸಾಲೆ ಹಚ್ಚಿ ಕಾವಲಿ ಮೇಲೆ ಕಾಯ್ಸಿದ್ದು. ಹುಳಿ ಸ್ವಲ್ಪ ಜಾಸ್ತಿ.

ಇಬ್ಬರೂ ಮೆಲ್ಲಗೆ ಮಂಗಲಾಳ ಕಡೆ ತಿರುಗಿದರು. ಅವಳು ತಲೆ ಎತ್ತಿ ತೆಂಗಿನ ಮರದ ಕಾಯಿ ಎಣಿಸುತ್ತಿದ್ದಳು.

ಮಂಗಲಾ: ಹಾಗೆ ಯಾಕೆ ನೋಡೂದು? ನಿನ್ನೆ ನೀವು ಆಫೀಸಿಗೆ ಹೋದ್ಮೇಲೆ ಪ್ಲಗ್ ತೆಗ್ದು ಮೀನಿನ ಕಾವಲಿ ಮೇಲೆ ಸ್ವಲ್ಪ ಬಿಸಿ ಮಾಡ್ದೆ, ಅಷ್ಟೇ. ಅಪ್ಪನ ದೋಣಿ ಪ್ಲಗ್ ನೆನೆದ್ರೆ ಹಾಗೇ ಮಾಡೂದು. ಹೇಳು ದಾದಾ.

ಹರಿಶ್ಚಂದ್ರ: ಹೌದು, ಹಾಗೇ ಮಾಡೂದು. ಸಣ್ಣ ಉರೀಲಿ ಹತ್ತು ನಿಮಿಷ.

ರಾಜೀವ: ನೀನು? ನನ್ನ ಗಾಡಿ ಪ್ಲಗ್ಗು?

ಮಂಗಲಾ: ಉಪ್ಪುಗಾಳಿಗೆ ವಾಯರೆಲ್ಲ ಹಸಿಹಸಿ ಆಗಿತ್ತು. ಎರಡೂ ಕಡೆ ಬಿಚ್ಚಿ, ಒರ್ಸಿ, ಮತ್ತೆ ಚೆಂದ ಸಾಲಾಗಿ ಹಾಕ್ದೆ. ಒಂದು, ಎರಡು, ಮೂರು, ನಾಲ್ಕು.

ರಾಜೀವ ಬಂಪರಿನ ಮೇಲೆ ಕುಸಿದು ಕುಳಿತ.

ರಾಜೀವ: ಒಂದು, ಎರಡು, ಮೂರು, ನಾಲ್ಕಾ?

ಮಂಗಲಾ: ಮತ್ತೆ ನಿಮ್ಮ ಆಫೀಸಲ್ಲಿ ಹೆಂಗೆ ಎಣ್ಸೂದು?

ರಾಜೀವ: ಒಂದು, ಮೂರು, ನಾಲ್ಕು, ಎರಡು!

ಮಂಗಲಾ: ಅದ್ಕೇ ಒಂದು ಫೈಲೂ ಮುಂದೆ ಹೋಗೂದಿಲ್ಲ.

ರಾಜೀವ: ಸಿಲಿಂಡರಿಗೆ ಸಾಲಾಗಿ ಕಿಡಿ ಕೊಡೂದಲ್ಲ ಮಾರಾಯ್ತಿ! ಒಂದನೇದಕ್ಕೆ ಕೊಟ್ಟು, ಮೂರಕ್ಕೆ ಹಾರಿ, ನಾಲ್ಕು ಮುಗ್ಸಿ, ಆಮೇಲೆ ಎರಡಕ್ಕೆ ಬರೂದು!

ಹರಿಶ್ಚಂದ್ರ: ನಮ್ಮ ದೋಣಿದು ಎರಡೇ ಸಿಲಿಂಡರು. ಒಂದಾದ್ಮೇಲೆ ಎರಡು, ಎರಡಾದ್ಮೇಲೆ ಒಂದು. ತಪ್ಪು ಮಾಡೂಕೆ ಜಾಗವೇ ಇಲ್ಲ.

ರಾಜೀವ: ಇವ್ಳು ಬೇಕಂತ್ಲೇ ಮಾಡಿದ್ದು! ಶೆಡ್ಡಿನ ಆಸೆಗೆ!

ಮಂಗಲಾ: ಬೇಕಂತ್ಲೇ ಮಾಡೂದಾದ್ರೆ ಸಮುದ್ರಕ್ಕೆ ಎಸೀತಿದ್ದೆ. ಬೆವರು ಸುರ್ಸ್ಕೊಂಡು ನಾಲ್ಕನ್ನೂ ಮಗ್ಚಿ ಮಗ್ಚಿ ಕಾಯಿಸ್ತಿದ್ನಾ?

ರಾಜೀವ: ಮತ್ತೆ ಯಂತಕ್ಕೆ?

ಮಂಗಲಾ: ಗಾಡಿ ಹೋದ್ರೆ ರಜೆ ದಿನ ನೀವು ಎಲ್ಲಿರೂದು? ಮನೆ ಒಳಗೆ! ಹೋದ ತಿಂಗ್ಳು ಬ್ಯಾಟ್ರಿ ಚಾರ್ಜಿಗೆ ಕೊಟ್ಟ ಎರಡೇ ದಿನಕ್ಕೆ ನನ್ನ ಮಸಾಲೆ ಡಬ್ಬಿ ಎಲ್ಲ ಅಕ್ಷರಮಾಲೆ ಪ್ರಕಾರ ಇಟ್ರಲ್ಲ! ಅರಿಶಿನ ಅಂತ ಮೊದ್ಲಿಗೆ ಇಟ್ರಾ, ಹಳದಿ ಅಂತ ಕೊನೇಲಿ ಇಟ್ರಾ, ನಂಗೆ ಇವತ್ತಿಗೂ ಸಿಗ್ಲಿಲ್ಲ.

ಅಷ್ಟರಲ್ಲಿ ಗೇಟಿನಲ್ಲಿ ಬೊಮ್ಮನ ಟೆಂಪೋ ಹಾರ್ನು ಕೇಳಿತು. ಹನ್ನೆರಡಕ್ಕೆ ಹತ್ತು ನಿಮಿಷ.

ಮಂಗಲಾ: ದಾದಾ, ಓಡು! ಈ ಮನೆ ಅಲ್ಲ ಅನ್ನು!

ಹರಿಶ್ಚಂದ್ರ: ಬೊಮ್ಮ ಹದಿನೈದು ವರ್ಷದಿಂದ ಬರೂ ಮನೆ ಅಲ್ವೇ ಇದು?

ಮಂಗಲಾ: ಹಂಗಾದ್ರೆ ಚಾ ಕುಡಿಸು! ಬಿಸಿ ಬಿಸಿ ಕೊಡು, ಊದೂಕೆ ಹೊತ್ತು ಹಿಡೀಲಿ!

ರಾಜೀವ ಬಾನೆಟ್ಟಿನೊಳಗೆ ಬಗ್ಗಿದ. ಒಂದು. ಮೂರು. ನಾಲ್ಕು. ಎರಡು. ದೇವರ ಹೆಸರು ಹೇಳಿದ ಹಾಗೆ ಬಾಯಲ್ಲಿ ಎಣಿಸುತ್ತ ವಾಯರು ಬದಲಿಸಿ, ಒಳಗೆ ಕುಳಿತು, ಕಣ್ಣು ಮುಚ್ಚಿ ಚಾವಿ ತಿರುಗಿಸಿದ. ಟುರ್ರ್... ಟುರ್ರ್... ಘರ್ರ್‍ರ್‍ರ್! ಪ್ಲಗ್ ಕಾಯಿಸಿದ್ದಕ್ಕೋ ಏನೋ ಗುರುವಾರದ ಕೆಮ್ಮಿಲ್ಲ, ಈಗಿನ ಢಂ ಇಲ್ಲ. ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತ ಫಿಯೆಟ್ಟು ಹಿಂದೆ ಸರಿದು ಅಂಗಳಕ್ಕೆ ಬಂತು. ಹನ್ನೆರಡಕ್ಕೆ ನಾಲ್ಕು ನಿಮಿಷ ಇತ್ತು. ಬೊಮ್ಮ ಅರ್ಧ ಚಾ ಕುಡಿದು, ಗಾಡಿಗೊಂದು ಕೈ ಮುಗಿದು, ಟೆಂಪೋ ತಿರುಗಿಸಿಕೊಂಡು ಹೋದ.

ರಾಜೀವ ಗೆದ್ದವನ ನಗೆ ನಗುತ್ತ, ಗಾಡಿಯನ್ನು ಒಳಗೆ ಹಾಕೋಣವೆಂದು ಶೆಡ್ಡಿನ ಕಡೆ ನೋಡಿದ. ಬಾಗಿಲಲ್ಲಿ ಆಗಲೇ ಮೂರು ಮೂಟೆ. ನಾಲ್ಕನೆಯದು ಹರಿಶ್ಚಂದ್ರನ ಬೆನ್ನ ಮೇಲೆ.

ರಾಜೀವ: ಇದೆಂಥದು? ಒಪ್ಪಂದ ಏನಾಯ್ತು?

ಮಂಗಲಾ: ಒಪ್ಪಂದದ ಪ್ರಕಾರವೇ. ಹೊರಗೆ ಬಂದ್ರೆ ಗಾಡಿ ನಿಮ್ದು. ಬಂತು, ನಿಮ್ದೇ. ಮತ್ತೆ ಒಳಗೆ ಹೋಗೂ ಮಾತು ಯಾರು ಆಡಿದ್ರು?

ರಾಜೀವ: ಮಳೆ ಬಂದ್ರೆ?

ಮಂಗಲಾ: ಓಡೂ ಗಾಡಿಗೆ ಶೆಡ್ ಯಂತಕ್ಕೆ? ಇಂಜಿನ್ ಬಂದ್ ಮಾಡ್ಬೇಡಿ, ಮತ್ತೆ ಏಳ್ತದೋ ಇಲ್ವೋ. ದಾದಾ, ಎರಡು ಮೂಟೆ ಹಿಂದಿನ ಸೀಟಿಗೆ ಹಾಕು. ಅಂಕೋಲೆ ಸಂತೆ ಇನ್ನೂ ಮುಗ್ದಿಲ್ಲ.

ಆವತ್ತಿನಿಂದ ಒಂದು ಎರಡನೇ ಶನಿವಾರವೂ ತಪ್ಪಿದ್ದಿಲ್ಲ. ಅಂಕೋಲೆ ಸಂತೆಗೆ ಹೋದರೆ ಗುರುಗುಟ್ಟುತ್ತ ನಿಂತ ಹಾಲುಬಣ್ಣದ ಗಾಡಿ ಕಾಣುತ್ತದೆ. ಕಾಣುವ ಮೊದಲು ಮೂಗಿಗೇ ಗೊತ್ತಾಗುತ್ತದೆ. ಒಮ್ಮೆ ಹೋಗಿ ಮಾತಾಡಿಸಿ ಬನ್ನಿ. ಮೀನಿನ ವಿಷಯ ಮಂಗಲಕ್ಕನ ಹತ್ತಿರ ಕೇಳಿ, ಗಾಡಿಯ ವಿಷಯ ರಾಜೀವಣ್ಣನ ಹತ್ತಿರ. ಗಾಡಿ ರಿಪೇರಿ ಮಾಡಿದ್ದು ಯಾರು ಅಂತ ಮಾತ್ರ ಇಬ್ಬರೂ ಇರುವಾಗ ಕೇಳಬೇಡಿ, ನಿಮ್ಮ ಕೊನೆಯ ಬಸ್ಸು ತಪ್ಪುತ್ತದೆ.