ಕಟ್ಟೆ ಕೊಟ್ಟ ಮಹಾರಾಜ

ಬಹಳ ಹಿಂದೆ, ಆಸನಾವತಿ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಪ್ರತಿ ಮನೆಯ ಮುಂದೆ ಒಂದು ಕಟ್ಟೆ, ಪ್ರತಿ ಕಟ್ಟೆಯ ಮೇಲೆ ಒಂದಷ್ಟು ಗಂಡಸರು. ಅವರು ಕೂತಲ್ಲಿಂದಲೇ ದೇಶದ ಭಾರ ಹೊರುತ್ತಿದ್ದರು. ಹೆಂಗಸರು ಕಟ್ಟೆಯ ಮೇಲೆ ಕೂರಬಾರದೆಂದು ಯಾವ ಶಾಸನವೂ ಇರಲಿಲ್ಲ. ಕೂರಬಹುದು, ಗಂಡಸೊಬ್ಬ ಕಣ್ಣಿಗೆ ಬಿದ್ದರೆ ಸೆರಗು ಹೊದ್ದು ಎದ್ದು ನಿಲ್ಲಬೇಕು, ಅಷ್ಟೇ. ಹೆಂಗಸರ ಮಂಡಿ ಸವೆದರೆ ಗಂಡಸರಪ್ಪನ ಮನೆಯ ಗಂಟೇನೂ ಹೋಗುವುದಿಲ್ಲವಲ್ಲ!

ರಾಜಬೀದಿಯ ನೀಲಗಂಗವ್ವನಿಗೆ ಮಂಡಿನೋವು. ಬೆಳಕಿಗೆಂದು ಮೊರ ಹಿಡಿದು ಕಟ್ಟೆಯ ಮೇಲೆ ಜೋಳ ಹಸನು ಮಾಡಲು ಕೂತರೆ, ಮಾವ ಬಂದರು, ಏಳು. ಪಟೇಲರು ಹೋದರು, ಏಳು. ಚಡ್ಡಿ ಜಾರುವ ಪೋರನೊಬ್ಬ ಕೋಳಿ ಅಟ್ಟಿಕೊಂಡು ಓಡಿದ, ಅವನೂ ಗಂಡಸೇ, ಏಳು. ಅರ್ಧ ಜೋಳ ಚರಂಡಿಗೆ, ಉಳಿದರ್ಧ ಆ ಕೋಳಿಗೆ. ಅವಳು ಕಾಲು ಚಾಚಿ ಕೂರುತ್ತಿದ್ದುದು ಒಂದೇ ಕಡೆ, ಅಡುಗೆಮನೆಯ ಮಣೆಯ ಮೇಲೆ. ಕೆಲಸ ಹಚ್ಚಿಬಿಟ್ಟಾರೆಂಬ ಭಯಕ್ಕೆ ಅಲ್ಲಿಗೆ ಯಾವ ಗಂಡಸೂ ಬರುತ್ತಿರಲಿಲ್ಲ.

ತಾಳ್ಮೆ ಕೆಟ್ಟು ಒಂದು ದಿನ ಅವಳು ನೇರ ದರ್ಬಾರಿಗೇ ನಡೆದಳು.

"ಎಪ್ಪಾ ಮಾರಾಜ, ನನಗ ಬಂಗಾರ ಬ್ಯಾಡ. ಜ್ವಾಳ ಹಸನ ಮಾಡೂತನಕ ಕುಂತಲ್ಲೇ ಕುಂದ್ರಾಕ ಬಿಡ್ರಿ. ಈ ಎದ್ದು ನಿಂದ್ರೂ ಪದ್ಧತಿ ಬಿಡಿಸಿದ್ರ ಸಾಕು."

ಜಂಬುಕೇತು ಮಹಾರಾಜರ ಕಣ್ಣು ಒದ್ದೆಯಾಯಿತು. ಮಹಾಮಂತ್ರಿ ಹೂಂಗುಟ್ಟಪ್ಪನು ಕೈಮುಗಿದು, "ಪ್ರಭು, ತಮ್ಮ ಕಣ್ಣೀರೇ ಒಂದು ಯೋಜನೆ" ಎಂದನು. ಪದ್ಧತಿಯೆಂಬುದು ಸಂಸ್ಕೃತಿ ಇಲಾಖೆಗೆ ಸೇರಿದ್ದು, ಅದನ್ನು ಮುಟ್ಟುವಂತಿಲ್ಲ. ಕಟ್ಟೆಯೆಂಬುದು ಕಾಮಗಾರಿ ಇಲಾಖೆಗೆ ಸೇರಿದ್ದು, ಅದಕ್ಕೆ ಅನುದಾನ ಉಂಟು ಎಂದು ವಿವರಿಸಿದನು.

ಒಲೆಗಿಷ್ಟೆಂದು ಆಸನ ಸೆಸ್ ಹಾಕಿ, ಪೇಟೆಯ ನಡುವೆ ಮಹಿಳಾ ಕಟ್ಟೆ ಕಟ್ಟಿಸಿದರು. ನುಣುಪು ಕಲ್ಲು, ಮೇಲೆ ನೆರಳು, ನಾಲ್ಕೂ ಕಡೆ ಮಹಾರಾಜರ ನಗುಮುಖ. ನೀಲಗಂಗವ್ವ ಇನ್ನೇನು ಕೂರಬೇಕು, ಉದ್ಘಾಟನೆಗೆ ಮಹಾರಾಜರು ಬಂದರು. ಎದ್ದಳು. ಅವರು ಹೋದ ಮೇಲೆ ಮೀಸೆಯ ಕಾವಲುಗಾರರು ಮೂಲೆಗೊಬ್ಬರಂತೆ ನಿಂತರು. ಮಹಿಳಾ ಸುರಕ್ಷತೆ! ಹಗಲೂ ರಾತ್ರಿ ನಿಂತರು. ಹೆಂಗಸರೂ ಮೊರ ಹಿಡಿದು ನಿಂತರು.

ಅಭಿಪ್ರಾಯ ಸಂಗ್ರಹಕ್ಕೆ ಮಹಾಮಂತ್ರಿಯೇ ಬಂದನು.

"ಕಟ್ಟೆ ಹೇಗಿದೆ ತಾಯಿ?"

"ನೋಡಾಕ ಚಲೋ ಐತ್ರಿ. ನಿಮ್ಮ ಮಂದಿ ಒಂದೀಟು ಸರಿದ್ರ ಕುಂತೂ ನೋಡ್ತೀನಿ."

"ಅವರು ಸರಿದರೆ ನಿಮ್ಮನ್ನು ರಕ್ಷಿಸುವವರು ಯಾರು?"

"ಯಾರಿಂದ್ರೀ?"

"ಗಂಡಸರಿಂದ" ಎಂದನು ಮಹಾಮಂತ್ರಿ, ಗಂಭೀರವಾಗಿ.

ವರ್ಷ ತುಂಬಿದಾಗ ತಜ್ಞರು ಕಟ್ಟೆಯನ್ನು ತಪಾಸಣೆ ಮಾಡಿದರು. ಕಲ್ಲಿನ ಮೇಲೆ ಒಂದು ಗೀರಿಲ್ಲ, ಸವೆತವಿಲ್ಲ! ರಾಜ್ಯದ ಇತಿಹಾಸದಲ್ಲೇ ಇಷ್ಟು ಬಾಳಿಕೆಯ ಕಾಮಗಾರಿ ಆಗಿರಲಿಲ್ಲ. ಮಹಾರಾಜರಿಗೆ 'ಸ್ತ್ರೀಕುಲಾಸನದಾತ' ಎಂಬ ಬಿರುದು ಕೊಟ್ಟು, ಮೆರವಣಿಗೆ ಮಾಡಿ, ಯೋಜನೆಯನ್ನು ಅಡುಗೆಮನೆಗಳಿಗೂ ವಿಸ್ತರಿಸಿದರು. ಸೆಸ್ ಇಮ್ಮಡಿಯಾಯಿತು.

ನೀಲಗಂಗವ್ವನ ಒಲೆಯ ಪಕ್ಕದ ಮಣೆ ಹೊರಗೆ ಹೋಯಿತು. ಅದರ ಜಾಗಕ್ಕೆ ನುಣುಪಾದ ಕಟ್ಟೆ ಬಂತು, ಕಟ್ಟೆಯ ಪಕ್ಕಕ್ಕೆ ಕಾವಲುಗಾರ ಬಂದ. ಅವಳು ನಿಂತೇ ರೊಟ್ಟಿ ಬಡಿಯತೊಡಗಿದಳು. ಮಧ್ಯಾಹ್ನದ ಹೊತ್ತಿಗೆ ಅವನು ಕಾಲು ಬದಲಿಸುತ್ತ, ಬೆವರು ಒರೆಸುತ್ತ ಮೆಲ್ಲಗೆ ಕೇಳಿದ:

"ಯವ್ವಾ, ಕಾಲು ಸೋತಾವು. ಒಂದೀಟು ಕುಂದ್ರಲೇನು?"

"ಕುಂದ್ರಪಾ" ಎಂದಳು ನೀಲಗಂಗವ್ವ, ರೊಟ್ಟಿ ತಿರುವಿ ಹಾಕುತ್ತ. "ಯಾರರ ಒಬ್ರು ಕುಂದ್ರಲಿ. ರೊಕ್ಕ ನಾ ಕಟ್ಟೀನಿ."