ದಣಿದ ಕನ್ನಡಕ

ಯಾರಾದರೂ ಒಂದು ವಸ್ತುವನ್ನು ಹೊಗಳಿದರೆ ಅದನ್ನು ಪರೀಕ್ಷಿಸದೆ ಬಿಡಲಾರದ ರೋಗ ನನಗಿದೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ಕುಂದಾಪುರದ ಕಡೆಯಿಂದ ಬಂದು ನೋಯ್ಡಾದಲ್ಲಿ ಸ್ವಂತ ಹೋಟೆಲು ಕಟ್ಟಿ ನಿಲ್ಲಿಸಿದವನು ನಾನು. ಕಾವಲಿ ಕಾದಿದೆಯೇ ಎಂಬುದನ್ನೂ ಕೈಯೊಡ್ಡಿ ನೋಡಿಯೇ ನಂಬುವವನು. ಮೂರು ಕನ್ನಡಕಗಳ ಮೇಲೆ ಕುಳಿತು ಮುರಿದ ಮೇಲೆ, ಕನ್ನಡಕದಂಗಡಿಯ ಭಯ್ಯಾ ಹೊಸ ಫ್ರೇಮೊಂದನ್ನು ಕೊಟ್ಟ. "ಮೆಮೊರಿ ಮೆಟಲ್ ಅಂಕಲ್‌ಜೀ, ಟೂಟೇಗಾ ನಹೀ." ಮುರಿಯುವುದೇ ಇಲ್ಲವಂತೆ. ಕಡ್ಡಿಯನ್ನು ಬೆರಳಿಗೆ ಸುತ್ತಿ ಬಿಟ್ಟರೆ ಟಪ್ಪನೆ ನೆಟ್ಟಗಾಗುತ್ತಿತ್ತು.

ಅಂದಿನಿಂದ ಗಲ್ಲಾದಲ್ಲಿ ಕೂತು ಗಿರಾಕಿಗಳಿಗೆಲ್ಲ ಈ ಆಟ ತೋರಿಸತೊಡಗಿದೆ. ಗ್ರೇಟರ್ ನೋಯ್ಡಾದಲ್ಲಿ ಎಂಜಿನಿಯರಿಂಗ್ ಓದುವ ಮಗಳು ಶ್ವೇತಾಳಿಗೆ ಮಾತ್ರ ಇದು ಸರಿಬರಲಿಲ್ಲ. "ಪಪ್ಪಾ, ಬಸ್ ಕರೋ, ಸಾಕು. ಪ್ರತಿ ಸಲ ಅದು ಪೂರಾ ವಾಪಸ್ ಬರಲ್ಲ. ಸ್ವಲ್ಪ ಸ್ವಲ್ಪ ಡೊಂಕು ಉಳಿಯುತ್ತೆ. ಮೆಟಲ್‌ಗೂ ಸುಸ್ತಾಗುತ್ತೆ."

"ಲೋಹಕ್ಕೆ ಸುಸ್ತಾ? ಇಪ್ಪತ್ತೆರಡು ವರ್ಷದಿಂದ ದೋಸೆ ಹೊಯ್ಯುವ ಈ ಕೈಗೇ ಸುಸ್ತಾಗಿಲ್ಲ."

"ಮತ್ತೆ ನಾನು ದಿನಾ ಎಣ್ಣೆ ತಿಕ್ಕುವುದು ಯಾವ ಕೈಗೆ?" ಎಂದಳು ಹೆಂಡತಿ, ಒಳಗಿನಿಂದ.

ಈ ಮನೆಯಲ್ಲಿ ಒಂದು ಮಾತು ಗೆಲ್ಲುವುದೂ ಕಷ್ಟ. ನಿಜ ಹೇಳಬೇಕೆಂದರೆ, ಕಡ್ಡಿ ಮೊದಲಿಗಿಂತ ಸಲೀಸಾಗಿ ಬಗ್ಗುತ್ತಿತ್ತು. ಪಳಗಿದೆ ಎಂದುಕೊಂಡೆ. ಕಿವಿಯಿಂದ ತುಸು ದೂರ ನಿಲ್ಲುತ್ತಿತ್ತು. ನನ್ನ ಕಿವಿಯದೇ ದೋಷ ಎಂದುಕೊಂಡೆ.

ಒಂದು ಶನಿವಾರ ಮಗಳು ತನ್ನ ಪ್ರೊಫೆಸರನ್ನು ಊಟಕ್ಕೆ ಕರೆತಂದಳು. "ಸರ್ ಎದುರು ಮಾತ್ರ ಆ ಆಟ ಬೇಡ ಪಪ್ಪಾ" ಎಂದು ಮೊದಲೇ ಫೋನು ಮಾಡಿದ್ದಳು. ನನ್ನ ಹೋಟೆಲಿನಲ್ಲಿ ನನ್ನ ಮಾತು ಸುಳ್ಳಾಗುವುದೆಂದರೇನು? ಓದಿದವರೇ ತೀರ್ಮಾನಿಸಲಿ ಎಂದು, ಅವರೆದುರು ಸಾಂಬಾರಿನ ಬಟ್ಟಲಿಟ್ಟವನೇ ಕನ್ನಡಕ ತೆಗೆದು ತಿರುಚಿದೆ.

ಟಕ್. ಅರ್ಧ ಕಡ್ಡಿ ನನ್ನ ಕೈಯಲ್ಲಿ, ಉಳಿದರ್ಧ ಸಾಂಬಾರಿನಲ್ಲಿ.

ಮಗಳು ತಲೆ ಎತ್ತಲಿಲ್ಲ. ಪ್ರೊಫೆಸರು ತುಂಡನ್ನು ತೊಳೆಸಿ, ಬೆಳಕಿಗೆ ಹಿಡಿದು, ಎಷ್ಟು ಸಲ ಬಗ್ಗಿಸಿರಬಹುದೆಂದು ಹಿಂದಿಯಲ್ಲಿ ಕೇಳಿದರು. ದಿನಕ್ಕೆ ಐವತ್ತು ಸಲ, ನಾಲ್ಕು ತಿಂಗಳು ಎಂದೆ. ಲೋಹ ಬಗ್ಗಿಸಿ ನೋಡುವ ನಮ್ಮ ಲ್ಯಾಬಿನ ಮಷೀನಿಗೂ ಇಷ್ಟು ಶ್ರದ್ಧೆಯಿಲ್ಲ ಎಂದು, ಫ್ರೇಮನ್ನೂ ತುಂಡನ್ನೂ ಕೇಳಿ ಪಡೆದು ಕಾಗದದಲ್ಲಿ ಸುತ್ತಿಕೊಂಡರು.

ನಾನು ಮೆಟ್ಟಿಲು ಹತ್ತದ ಕಾಲೇಜಿನ ಗಾಜಿನ ಕಪಾಟಿನಲ್ಲಿ ಈಗ ನನ್ನ ಕನ್ನಡಕವಿದೆ. ಕೆಳಗೆ 'ಪದೇ ಪದೇ ಬಗ್ಗಿಸಿದ್ದರಿಂದ ದಣಿದು ಮುರಿದದ್ದು' ಎಂಬ ಚೀಟಿಯಂತೆ. ಬಗ್ಗಿಸಿದವರ ಹೆಸರು ಇದೆಯೇ ಎಂದು ಮಗಳನ್ನು ಕೇಳಿದೆ. ಇಲ್ಲವಂತೆ. ನಾಲ್ಕು ತಿಂಗಳು ದುಡಿದವನು ನಾನು, ದಣಿದ ಹೆಸರು ಮಾತ್ರ ಅದಕ್ಕೆ.